ನಗೆಬಟ್ಟಲು

ಈ ಬಟ್ಟಲ ತಳದಲ್ಲಿರುವ ಹೆಂಗಸಿನ ಮೂಗು ನೋಡಿ. ಮೂಗೇ ಅದು? ಬದನೆಕಾಯಿ. ಕೈಗಳಂತೂ ಕೇಳಲೇಬೇಡಿ, ಹುಲ್ಲು ಕೆದರುವ ಕವೆಗೋಲಿನ ಹಾಗಿವೆ. ದಿನಾ ಎರಡು ಹೊತ್ತು ಸಾರು ಕುಡಿದು ಮುಗಿಸುವಷ್ಟರಲ್ಲಿ ಈ ಬದನೆಕಾಯಿ ಮೂಗು ತಳದಿಂದ ಮೇಲೆದ್ದು ಬಂದು ನನ್ನನ್ನೇ ನೋಡುತ್ತದೆ. ಇಪ್ಪತ್ತೆಂಟು ವರ್ಷವಾಯಿತು. ಇಂಥ ಕೆಟ್ಟ ಚಿತ್ರವನ್ನು ನೋಡಿಕೊಂಡು ಉಣ್ಣುವುದಿದೆಯಲ್ಲ, ಗೆರೆ ಎಳೆಯಲು ಬಲ್ಲವಳಿಗೆ ಅದಕ್ಕಿಂತ ದೊಡ್ಡ ನರಕ ಬೇರೆ ಬೇಡ.

ನಾನು ನುಜೆಯಾ. ವಲೆನ್ಸಿಯಾ ಪಟ್ಟಣದ ಪಕ್ಕದ ಪಾತೆರ್ನಾ ಗುಡ್ಡದ ಮೇಲೆ ಕುಂಬಾರ ಗಾಲಿಬನ ಬಟ್ಟಲು ಸುಡುವ ಆವಿಗೆ ಇದೆಯಲ್ಲ, ಆ ಗಾಲಿಬನ ಹಿರಿಸೊಸೆ. ನಮ್ಮದು ಮುಸಲ್ಮಾನರ ಕೇರಿ. ಒಡೆಯರು ಕ್ರೈಸ್ತರು, ಗುಡ್ಡ ಅವರದು, ಮಣ್ಣು ಅವರದು, ಸುಡುವ ಮುಳ್ಳುಕಂಟಿಯೂ ಅವರದು. ನಮ್ಮದು ಅಂತ ಇದ್ದದ್ದು ಕೈ ಒಂದೇ. ಗಂಡಸರು ತಿಗರಿ ತಿರುಗಿಸಿ ಬಟ್ಟಲು ಎತ್ತುತ್ತಿದ್ದರು, ಬಿಳಿಯ ಲೇಪದಲ್ಲಿ ಅದ್ದಿ ಕೊಡುತ್ತಿದ್ದರು. ಅದರ ಮೇಲೆ ಕಪ್ಪುಗೆರೆ ಎಳೆದು ಒಳಗೆ ಹಸಿರು ತುಂಬುವುದು ಹೆಂಗಸರ ಕೆಲಸ. ಹಸಿ ಲೇಪ ಎಂದರೆ ಬಾಯಾರಿದ ನೆಲ ಇದ್ದ ಹಾಗೆ, ಬಣ್ಣ ತಾಗಿದ್ದೇ ತಡ ಹೀರಿಬಿಡುತ್ತದೆ. ತಪ್ಪಿದರೆ ಒರೆಸಲಾಗುವುದಿಲ್ಲ. ಹಾಗಾಗಿ ಗೆರೆ ಎಳೆಯುವುದು ಪಳಗಿದವರ ಕೆಲಸ, ಹಸಿರು ತುಂಬುವುದು ಕಲಿಯುವವರ ಕೆಲಸ. ಹದಿನೇಳು ವರ್ಷ ಆ ಮನೆಯಲ್ಲಿ ಗೆರೆ ಎಳೆದವಳು ನಾನು.

ಆ ಹದಿನೇಳರ ಕೊನೆಕೊನೆಗೆ ಬಂದಳು ಶಮ್ಸಿ. ನನ್ನ ಮೈದುನ ಅಜ್ಮತನ ಹೆಂಡತಿ, ನನ್ನ ಓರಗಿತ್ತಿ. ಗದ್ದದ ಎಡಕ್ಕೆ ಒಂದು ಮಚ್ಚೆ, ಬಾಯಿ ತುಂಬ ನಗು. ಮದುವೆಯಾದ ಎರಡನೇ ವರ್ಷಕ್ಕೇ ಅಜ್ಮತ್ ಜ್ವರ ಬಂದು ಸತ್ತ. ಸಾಯುವಾಗ ನನ್ನ ಗಂಡ ಫರಾಜನ ಕೈ ಹಿಡಿದುಕೊಂಡು, “ಇವಳನ್ನ ಬೀದಿಗೆ ಬಿಡಬೇಡ ಅಣ್ಣಾ” ಅಂದ. ಫರಾಜ್ ಮಾತು ಕೊಟ್ಟ. ಅದಾಗಿ ಒಂದು ವರ್ಷ ಹುಡುಗಿ ಮಂಕಾಗಿ ಕೂತಿದ್ದಳು. ಆಮೇಲೆ ಒಂದು ದಿನ ಮೇಕೆಕೂದಲ ಕುಂಚ ಹಿಡಿದು ಒಂದು ಮೊಲ ಬರೆದಳು, ಬಾಯಲ್ಲಿ ಎಲೆ ಕಚ್ಚಿಕೊಂಡ ಮೊಲ. ಹಾಳಾದ ಆ ಮೊಲ! ವಲೆನ್ಸಿಯಾ ಪಟ್ಟಣದಿಂದ ಬಂದ ಹೆಂಗಸರೆಲ್ಲ ನನ್ನ ಮೀನುಗಳನ್ನು ಪಕ್ಕಕ್ಕೆ ಸರಿಸಿ, “ಆ ಮೊಲದ್ದು ಇದ್ರೆ ಕೊಡಿ” ಅನ್ನತೊಡಗಿದರು.

ನಾನು ಸಹಿಸಿಕೊಂಡೆ. ಸುಳ್ಳು ಯಾಕೆ, ಸಹಿಸಿಕೊಳ್ಳಲಿಲ್ಲ. ಅವಳು ಕಲಸಿಟ್ಟ ಹಸಿರಿಗೆ ನೀರು ಸುರಿದದ್ದುಂಟು, ಕುಂಚದ ಕೂದಲು ಕಿತ್ತದ್ದುಂಟು. ಅವಳು ಮಾತ್ರ, “ಅಕ್ಕಾ, ಇಲಿ ಕಡಿದಿದೆ ನೋಡು” ಎಂದು ನನಗೇ ತಂದು ತೋರಿಸುತ್ತಿದ್ದಳು. ಅಷ್ಟು ಪೆದ್ದಿಯೋ ಅಷ್ಟು ಒಳ್ಳೆಯವಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎರಡಕ್ಕೂ ನನಗೆ ಮೈ ಉರಿಯುತ್ತಿತ್ತು.

ಆ ವರ್ಷ ದಾಳಿಂಬೆ ಕಾಲದಲ್ಲಿ ಒಡೆಯರ ಮನೆಯಿಂದಲೇ ದೊಡ್ಡ ಕೆಲಸ ಬಂತು, ಮದುವೆಯ ಊಟಕ್ಕೆ ಆರುನೂರು ಬಟ್ಟಲು. ಮಾವ ಎಲ್ಲರ ಮುಂದೆ, ಲೇಪ ಅದ್ದುವ ಆಳುಗಳ ಮುಂದೆ ಕೂಡ, ಹೇಳಿದ: “ಈ ಸಲ ಶಮ್ಸಿ ಗೆರೆ ಎಳೀಲಿ. ನುಜೆಯಾ, ನೀನು ಹಸಿರು ತುಂಬವ್ವ.”

“ನಾನಾ?” ಅಂದೆ.

“ನೀನೇ. ಯಾಕೆ, ಕೈ ಸವೆದೋಗುತ್ತಾ?”

ಆಳುಗಳು ನಕ್ಕರು. ನನ್ನ ಗಂಡ ತಲೆ ಎತ್ತದೆ ತಿಗರಿ ತುಳಿಯುತ್ತಿದ್ದ. ಹದಿನೇಳು ವರ್ಷ ಗೆರೆ ಎಳೆದವಳು ನಿನ್ನೆ ಮೊನ್ನೆ ಬಂದವಳ ಮೊಲದ ಹೊಟ್ಟೆಗೆ ಹಸಿರು ತುಂಬಿದೆ. ಆರುನೂರು ಮೊಲ. ಒಂದೊಂದು ಮೊಲದ ಹೊಟ್ಟೆಗೂ ನನ್ನ ಹೊಟ್ಟೆಕಿಚ್ಚನ್ನೇ ತುಂಬಿದೆ ಅಂದರೂ ತಪ್ಪಿಲ್ಲ.

ನಮ್ಮ ಗುಡ್ಡದಲ್ಲಿ ಒಂದು ಪದ್ಧತಿಯಿದೆ. ಆವಿಗೆ ತುಂಬುವ ಮುಂಚೆ ಯಾರಾದರೊಬ್ಬರು ಗುಟ್ಟಾಗಿ ಒಂದು ಬಟ್ಟಲಲ್ಲಿ ಮನೆಯವರಲ್ಲೇ ಯಾರನ್ನಾದರೂ ಆಡಿಕೊಳ್ಳುವ ಚಿತ್ರ ಬರೆಯುತ್ತಾರೆ. ಅದೇ ನಗೆಬಟ್ಟಲು. ಆವಿಗೆ ತೆರೆದ ದಿನ ಎಲ್ಲರೂ ಕೂತು ಕಡಲೆ ಹಾಕಿದ ಕುರಿಮಾಂಸದ ಸಾರು ಉಣ್ಣುವಾಗ ಅದನ್ನು ಆ ಮನುಷ್ಯನಿಗೇ ಕೊಡಬೇಕು. ಸಾರು ಇಳಿದ ಹಾಗೆ ಚಿತ್ರ ಕಾಣಬೇಕು, ಎಲ್ಲರೂ ನಗಬೇಕು. ನಕ್ಕಾದ ಮೇಲೆ, ಸೂರ್ಯ ಮುಳುಗುವ ಮುಂಚೆ, ಬರೆದವರೇ ಅದನ್ನು ಒಡೆಯಬೇಕು. ಗುಡ್ಡದ ಮಾತು ಗುಡ್ಡದಲ್ಲೇ ಉಳಿಯಲಿ ಅಂತ. ಒಂದು ಸಲ ಮಾವನನ್ನೇ ಗೂಬೆ ಮಾಡಿ ಬರೆದಿದ್ದರು. ಅವನು ನಕ್ಕು ನಕ್ಕು ಕೆಮ್ಮಿದ್ದ.

ಆ ಸಲ ನಗೆಬಟ್ಟಲು ಬರೆದವಳು ನಾನು.

ಮುಳ್ಳುಕಂಟಿ ಹೊತ್ತು ತರುತ್ತಿದ್ದ ಬೆರ್ನಾತ್ ಅಂತ ಒಬ್ಬ ಕ್ರೈಸ್ತ ಗಾಡಿಯವನಿದ್ದ. ಉದ್ದ ಹಲ್ಲು, ತಲೆಗೆ ಎರಡು ಚೂಪಿನ ಕುಲಾವಿ. ಒಂದು ದಿನ ಅವನು ಶಮ್ಸಿಗೆ ಒಂದು ದಾಳಿಂಬೆ ಕೊಟ್ಟ, ಅವಳು ಒಂದು ಒಳ್ಳೆ ಮಾತೂ ಆಡದೆ ಬಿಡಿಸಿಕೊಂಡು ತಿಂದಳು. ನಡೆದದ್ದು ಅಷ್ಟೇ. ನಾನು ಬರೆದದ್ದು ಬೇರೆ. ಇಬ್ಬರೂ ಎದುರುಬದುರು ಕೂತು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಒಂದೇ ಹಣ್ಣನ್ನು ಇಬ್ಬರೂ ಕಚ್ಚುತ್ತಿರುವ ಹಾಗೆ. ಕುಲಾವಿಯ ಚೂಪುಗಳು, ಅವಳ ಜಡೆ, ಗದ್ದದ ಮಚ್ಚೆ, ಒಂದನ್ನೂ ಬಿಡಲಿಲ್ಲ. ಕುಂಚ ತಾನೇ ಓಡಿತು. ಒಂದು ಗೆರೆಯೂ ನಡುಗಲಿಲ್ಲ. ಬರೆದು ಮುಗಿಸಿ ನೋಡಿದರೆ ನನಗೇ ಉಸಿರು ನಿಂತುಹೋಯಿತು. ಹದಿನೇಳು ವರ್ಷದಲ್ಲಿ ನಾನು ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ಅವಳ ಮೊಲ ಅದರ ಮುಂದೆ ಏನೂ ಅಲ್ಲ.

ಊಟದ ದಿನ ಶಮ್ಸಿಗೆ ಆ ಬಟ್ಟಲಲ್ಲೇ ಸಾರು ಹಾಕಿಕೊಟ್ಟೆ. ಅವಳು ಕುಡಿದಳು, ತಳ ಕಂಡಿತು, “ಅಯ್ಯಯ್ಯೋ!” ಎಂದು ಕಿರುಚಿ ಬಟ್ಟಲನ್ನು ಎಲ್ಲರಿಗೂ ತೋರಿಸಿದಳು. ಒಬ್ಬೊಬ್ಬರೂ ಬಿದ್ದು ಬಿದ್ದು ನಕ್ಕರು. ಅದರಲ್ಲೂ ಬೆರ್ನಾತನ ಹಣೆ ನೋಡಿ. ಆವಿಗೆಯಲ್ಲಿ ಬಟ್ಟಲ ಮೇಲೆ ಬಟ್ಟಲು ಪೇರಿಸುವಾಗ ಅಂಟಿಕೊಳ್ಳದಿರಲಿ ಅಂತ ನಡುವೆ ಮಣ್ಣಿನ ಪುಟ್ಟ ಮುಕ್ಕಾಲಿ ಇಡುತ್ತೇವೆ. ಅದರ ಮೂರು ಕಾಲಿನ ಗಾಯ ಪ್ರತಿ ಬಟ್ಟಲಲ್ಲೂ ಉಳಿಯುತ್ತದೆ. ಇದರಲ್ಲಿ ಒಂದು ಗಾಯ ಸರಿಯಾಗಿ ಬೆರ್ನಾತನ ಹಣೆಯ ನಡುವೆ ಬಿದ್ದಿತ್ತು.

“ಅವನ ಹೇಸರಗತ್ತೆ ಒದ್ದಿದೆ ಕಣ್ರೋ!” ಅಂದಳು ಶಮ್ಸಿ. ಅವಳೇ ಅಂದದ್ದು. ಮತ್ತೆ ನಗು.

ಮಾವ ಕಣ್ಣೊರೆಸಿಕೊಂಡು ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದ. ಚೆನ್ನಾಗಿದೆ ಅನ್ನುತ್ತಾನೆ ಅಂತ ಕಾದೆ. ಒಂದೇ ಒಂದು ಮಾತು, ಅಷ್ಟು ಸಾಕಿತ್ತು ನನಗೆ. ಅವನು ಅಂದದ್ದು, “ಇದನ್ನ ಈಗ್ಲೇ ಒಡೆದ್ಬಿಡು ನುಜೆಯಾ. ಹೊರಗಿನೋರ ಕಣ್ಣಿಗೆ ಬಿದ್ರೆ ಹುಡುಗಿ ಸಂತೇಲಿ ನಿಲ್ತಾಳೆ.”

ಅದೇನೆಂದು ನಮಗೆಲ್ಲ ಗೊತ್ತಿತ್ತು. ನಮ್ಮ ಹೆಣ್ಣು ಕ್ರೈಸ್ತನ ಜೊತೆ ಮಲಗಿದಳು ಅಂತ ಸಾಬೀತಾದರೆ ನಮ್ಮ ಖಾಜಿ ಸಾವಿನ ಶಿಕ್ಷೆ ಹೇಳುತ್ತಾನೆ, ಒಡೆಯರು ದಯೆ ತೋರಿ ಜೀವ ಉಳಿಸಿ ತೊತ್ತಾಗಿ ಮಾರುತ್ತಾರೆ. ಮಾರಿದ್ದರಲ್ಲಿ ಒಡೆಯರ ಪಾರುಪತ್ಯಗಾರನಿಗೂ ಪಾಲುಂಟು. ಹಾಗಾಗಿ ಅವನ ಮೂಗು ಸದಾ ನಮ್ಮ ಕೇರಿಯ ಕಡೆಗೇ ಇರುತ್ತಿತ್ತು.

“ಒಡೀತೀನಿ ಬಿಡಿ ಮಾವ” ಎಂದು ಗೋಡೆಯ ಹಿಂದಕ್ಕೆ ಹೋದೆ. ಕೈ ಎತ್ತಿದೆ. ಆಗಲಿಲ್ಲ. ದೇವರಾಣೆ ಆಗಲಿಲ್ಲ. ಅದು ಶಮ್ಸಿಯ ಮಾನ ಅಂತಲೋ ಮಣ್ಣು ಅಂತಲೋ ಕಾಣಲೇ ಇಲ್ಲ ನನಗೆ, ನನ್ನ ಗೆರೆ ಕಂಡಿತು ಅಷ್ಟೇ. ಪಕ್ಕದಲ್ಲಿ ಬಿರುಕುಬಿಟ್ಟ ಮೀನಿನ ಬಟ್ಟಲೊಂದು ಬಿದ್ದಿತ್ತು. ಅದನ್ನೆತ್ತಿ ಕಲ್ಲಿಗೆ ಅಪ್ಪಳಿಸಿದೆ. “ಹೋಯ್ತು ಬೆರ್ನಾತನ ತಲೆ!” ಎಂದು ಆಚೆ ಕಡೆಯಿಂದ ಕೂಗಿದರು. ನನ್ನದನ್ನು ಅಲ್ಲೇ ಇದ್ದ ದೊಡ್ಡ ಎಣ್ಣೆಹಂಡೆಯೊಳಗಿನ ಹುಲ್ಲಿನಲ್ಲಿ ತುರುಕಿದೆ.

ಮಾರನೇ ಬೆಳಿಗ್ಗೆ ಪಟ್ಟಣಕ್ಕೆ ಹೋಗುವ ಸರಕನ್ನು ಕಟ್ಟತೊಡಗಿದರು. ಹಂಡೆಗಳೊಳಗೆ ಹುಲ್ಲು ಒತ್ತಿ ಬಟ್ಟಲು ಪೇರಿಸುವುದು ನಮ್ಮ ರೂಢಿ. ಆ ಹಂಡೆಗೂ ಮೇಲಿಂದ ನಲವತ್ತು ಬಟ್ಟಲು ಪೇರಿಸಿ ಗಾಡಿಗೆತ್ತಿದರು. ನಾನು ನೋಡುತ್ತಲೇ ನಿಂತಿದ್ದೆ. “ತಾಳಿ, ಅದರಲ್ಲಿ ಒಂದಿದೆ” ಅಂದಿದ್ದರೆ ಮುಗಿದುಹೋಗುತ್ತಿತ್ತು. ಅನ್ನಲಿಲ್ಲ. ಪಟ್ಟಣದಲ್ಲಿ ಯಾರು ಗುರುತು ಹಿಡಿಯುತ್ತಾರೆ ಅಂತ ಒಂದು ಮನಸ್ಸು. ಯಾರಾದರೂ ಒಬ್ಬರು ಸಾರು ಕುಡಿದು ಮುಗಿಸಿ, ಅಬ್ಬಾ ಎಂಥ ಕೈ ಅನ್ನಲಿ ಅಂತ ಇನ್ನೊಂದು ಮನಸ್ಸು. ಮೂರನೇ ಮನಸ್ಸೂ ಒಂದಿತ್ತು, ಅದನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ.

ಆ ಬಟ್ಟಲು ಊರಬಾಗಿಲ ಪಕ್ಕದ ಊಟದಂಗಡಿಗೆ ಹೋಗಿ ಸೇರಿತು. ಅಲ್ಲಿ ಒಂದು ದಿನ ಪಾರುಪತ್ಯಗಾರನ ಆಳೊಬ್ಬ ಸಾರು ಕುಡಿದ. ಒಡೆಯರ ಪಾಲಿನ ಬಟ್ಟಲು ಎಣಿಸಿಕೊಂಡು ಹೋಗಲು ತಿಂಗಳಿಗೊಮ್ಮೆ ಗುಡ್ಡಕ್ಕೆ ಬರುತ್ತಿದ್ದವನು ಅವನೇ. ಮಚ್ಚೆ ನೋಡಿದ, ಕುಲಾವಿ ನೋಡಿದ, ಬಟ್ಟಲನ್ನು ಅಂಗಿಯೊಳಗೆ ಹಾಕಿಕೊಂಡು ಎದ್ದ.

ಸುದ್ದಿ ಕಿವಿಗೆ ಬಿದ್ದದ್ದೇ ಬೆರ್ನಾತ್ ಗಾಡಿ, ಹೇಸರಗತ್ತೆ ಎರಡನ್ನೂ ಬಿಟ್ಟು ಓಡಿಹೋದ. ಏನೂ ಮಾಡದವನು ಯಾಕೆ ಓಡುತ್ತಾನೆ ಅಂತ ಊರು ಮಾತಾಡಿತು. ಹೇಡಿ ನನ್ಮಗ. ಅವನನ್ನು ಯಾರೂ ಹುಡುಕಲೂ ಇಲ್ಲ, ಅವನನ್ನು ಮಾರಿದರೆ ಯಾರಿಗೂ ಏನೂ ಸಿಗುತ್ತಿರಲಿಲ್ಲವಲ್ಲ.

ಖಾಜಿಯ ಮನೆ ಅಂಗಳದಲ್ಲಿ ವಿಚಾರಣೆ. ಖಾಜಿಯ ಪಕ್ಕದಲ್ಲಿ ಪಾರುಪತ್ಯಗಾರ ಕಾಲು ಚಾಚಿಕೊಂಡು ಕೂತಿದ್ದ. ನಡುವೆ ಚಾಪೆಯ ಮೇಲೆ ನನ್ನ ಬಟ್ಟಲು. ಬಿಸಿಲಿಗೆ ಹೊಳೆಯುತ್ತಿತ್ತು, ಹಾಳಾದ್ದು. ಶಮ್ಸಿಯ ಕೈಗೆ ಹಗ್ಗ ಕಟ್ಟಿದ್ದರು.

“ಒಂದು ದಾಳಿಂಬೆ ಕೊಟ್ಟ, ತಿಂದೆ. ಅಷ್ಟೇ ಖಾಜಿಗಳೇ” ಅಂದಳು. “ಅವನ ಕೈಬೆರಳೂ ಮುಟ್ಟಿಲ್ಲ.”

ಮಾವ ಮುಂದೆ ಬಂದ. “ನಮ್ಮಲ್ಲಿ ನಗೆಬಟ್ಟಲು ಅಂತ ಮಾಡ್ತೀವಿ, ನಿಮಗೂ ಗೊತ್ತಿರೋದೇ. ಈ ಹುಡುಗೀನ ಆಡಿಕೊಂಡು ಒಂದು ಮಾಡಿದ್ವಿ. ಬರೀ ತಮಾಷೆ.”

ಪಾರುಪತ್ಯಗಾರ ನಕ್ಕ. “ತಮಾಷೇದನ್ನ ಅವತ್ತೇ ಒಡೀತೀರಲ್ಲ ಗಾಲಿಬಣ್ಣ? ಇದು ಗಟ್ಟಿಮುಟ್ಟಾಗಿದೆ?”

ಮಾವನ ಮುಖ ಅರಳಿತು. ಹಿಡಿಯಲು ಹಗ್ಗ ಸಿಕ್ಕಿತು ಅಂದುಕೊಂಡ ಪಾಪ. “ಅದೇ ಸ್ವಾಮಿ ನಾನು ಹೇಳೋದು! ನಮ್ಮದನ್ನ ಅವತ್ತೇ ಒಡೆದಾಯ್ತು. ಒಡೆದ ಸದ್ದು ಈ ಕಿವಿಯಾರೆ ಕೇಳಿದೀನಿ. ಇದು ನಮ್ಮದಲ್ಲ. ಇದಕ್ಕೂ ನಮ್ಮ ಹುಡುಗಿಗೂ ಸಂಬಂಧ ಇಲ್ಲ.”

“ಆಣೆ ಮಾಡ್ತೀಯಾ?”

ಮಾವ ಮೆಕ್ಕಾದ ಕಡೆ ಮುಖ ಮಾಡಿ ಆಣೆ ಮಾಡಿದ. ನನ್ನ ಗಂಡನೂ ಮಾಡಿದ, ಇಬ್ಬರು ಆಳುಗಳೂ ಮಾಡಿದರು. ಎಲ್ಲರೂ ಸದ್ದು ಕೇಳಿದ್ದರು. ಒಬ್ಬನೂ ಸುಳ್ಳು ಹೇಳಲಿಲ್ಲ. ಅವಳ ಮೇಲಿನ ಅಕ್ಕರೆಗೆ ಹೇಳಿದ ಆ ನಿಜಗಳೇ ಒಂದೊಂದಾಗಿ ಅವಳ ಕುತ್ತಿಗೆ ಬಿಗಿದವು.

“ಸರಿ ಹಾಗಾದ್ರೆ,” ಅಂದ ಪಾರುಪತ್ಯಗಾರ, ಬಟ್ಟಲನ್ನು ಬೆರಳಲ್ಲಿ ತಟ್ಟುತ್ತ. “ತಮಾಷೇದು ಒಡೆದುಹೋಯ್ತು. ನಾಲ್ಕು ಜನ ಆಣೆ ಮಾಡಿದ್ದಾರೆ. ಅಂದ್ಮೇಲೆ ಇದು ಇನ್ನೊಂದು, ತಮಾಷೆಗಲ್ಲದ್ದು. ನಿಮ್ಮ ಗುಡ್ಡದ ಮಣ್ಣು, ನಿಮ್ಮ ಗುಡ್ಡದ ಹಸಿರು. ಇದನ್ನ ಕೂತ್ಕೊಂಡು ಆಸೆಪಟ್ಟು ಬರೆದೋರು ಯಾರು? ಇಷ್ಟು ಚೆನ್ನಾಗಿ ಬರೆಯೋ ಕೈ ಪಾತೆರ್ನಾದಲ್ಲಿ ಯಾರದ್ದಪ್ಪ?”

ಅಂಗಳದ ಅಷ್ಟೂ ಕಣ್ಣು ಶಮ್ಸಿಯ ಕೈಗಳ ಮೇಲೆ ಹೋದವು.

ಆಗ ನನ್ನ ನಾಲಗೆಯ ತುದಿಗೆ ಮಾತು ಬಂತು. ‘ನಂದು’ ಅನ್ನುವ ಮಾತು. ಕರುಣೆಯಿಂದ ಬಂತು ಅಂತ ಹೇಳಿ ದೊಡ್ಡವಳಾಗುವ ಆಸೆ ನನಗಿಲ್ಲ. ಜಂಬದಿಂದ ಬಂತು. ನನ್ನ ಜನ್ಮದ ಒಂದೇ ಒಂದು ಒಳ್ಳೆಯ ಕೆಲಸ ಎಲ್ಲರ ಕಣ್ಣೆದುರಿಗಿತ್ತು, ಅದನ್ನೂ ಅವಳ ಲೆಕ್ಕಕ್ಕೆ ಬರೆಯುತ್ತಿದ್ದರು. ಕೂಗಬೇಕು ಅನ್ನಿಸಿತು. ಜಂಬಕ್ಕಾದರೂ ಕೂಗಿದ್ದರೆ ಹುಡುಗಿ ಉಳಿಯುತ್ತಿದ್ದಳು.

ಅಷ್ಟರಲ್ಲಿ ಶಮ್ಸಿ ಬಗ್ಗಿ ಬಟ್ಟಲೊಳಗೆ ನೋಡಿದಳು. ನೋಡಿ ತಲೆ ಎತ್ತಿದಳು. “ಮಾವ, ಇದು ಅದೇ ಬಟ್ಟಲು. ಬೆರ್ನಾತನ ಹಣೇಲಿ ಮುಕ್ಕಾಲಿ ಗಾಯ ನೋಡಿ. ಹೇಸರಗತ್ತೆ ಒದ್ದಿದೆ ಅಂತ ನಾನೇ ಅಂದಿದ್ದೆನಲ್ಲ? ನೀವೆಲ್ಲ ನಕ್ಕಿದ್ರಲ್ಲ?” ಆಮೇಲೆ ನನ್ನ ಕಡೆ ತಿರುಗಿದಳು. “ಅಕ್ಕಾ, ನೀನು ಇದನ್ನ ಒಡೆದಿರಲಿಲ್ಲ. ಹೇಳಕ್ಕಾ. ಒಂದು ಮಾತು ಹೇಳ್ಬಿಡಕ್ಕಾ.”

ಮಾವ ಬಗ್ಗಿ ಗಾಯ ನೋಡಿದ. ನೆಟ್ಟಗೆ ನಿಂತು ನನ್ನನ್ನು ನೋಡಿದ. ಆ ಕ್ಷಣಕ್ಕೇ ಅವನಿಗೆ ಎಲ್ಲ ಗೊತ್ತಾಯಿತು.

“ಏನಮ್ಮ, ಒಡೆದೆಯೋ ಇಲ್ವೋ?” ಅಂತ ಖಾಜಿ ನನ್ನನ್ನು ಕೇಳಿದ.

ಇಲ್ಲ ಅಂದರೆ ಒಡೆಯರ ಮನೆಯ ಮುಂದೆ ನನ್ನ ಬೆನ್ನಿಗೆ ಚಾಟಿ. ಜೊತೆಗೆ ಅವಳು ಮರಳಿ ಮನೆಗೆ. ಮರಳಿ ಮೊಲಗಳು. ಮರಳಿ ನಾನು ಹಸಿರು ತುಂಬುವುದು.

“ಒಡೆದೆ” ಅಂದೆ.

ಖಾಜಿ ಮಾವನ ಕಡೆ ತಿರುಗಿದ. “ಗಾಲಿಬ್, ನೀನೇನಂತೀಯ?”

ಮಾವ ಬಟ್ಟಲ ಕಡೆಯಿಂದ ಮುಖ ತಿರುಗಿಸಿದ. “ಸದ್ದು ಕೇಳಿದ್ದು ನಿಜ” ಅಂದ. ಅಷ್ಟೇ.

ಶಮ್ಸಿ ಅಳಲಿಲ್ಲ. ತೊತ್ತಾಗಿ ಮಾರಲು ಅವಳನ್ನು ಗಾಡಿಗೆ ಹತ್ತಿಸುವಾಗ ನಾನು ಬೇಲಿಯ ಹತ್ತಿರ ನಿಂತಿದ್ದೆ. ಶಾಪ ಹಾಕುತ್ತಾಳೆ ಅಂತ ಎದೆ ಗಟ್ಟಿಮಾಡಿಕೊಂಡಿದ್ದೆ. ಅವಳು ನನ್ನನ್ನು ನೋಡಿ, “ತುಂಬಾ ಚೆನ್ನಾಗಿ ಬರೆದಿದ್ದೆ ಕಣಕ್ಕಾ ಅದನ್ನ” ಅಂದಳು. ಆ ಚಿತ್ರಕ್ಕೆ ನಾನು ಪಡೆದ ಹೊಗಳಿಕೆ ಅದೊಂದೇ. ಅವಳನ್ನು ಮಯೋರ್ಕಾ ದ್ವೀಪದ ಕಡೆಯ ಹಡಗಿನವನೊಬ್ಬ ಕೊಂಡುಕೊಂಡನಂತೆ. ಮತ್ತೆ ಸುದ್ದಿಯಿಲ್ಲ.

ಮನೆಗೆ ಬಂದವನೇ ಮಾವ ಗೋಡೆಯ ಹಿಂದೆ ಹೋಗಿ ಚೂರುಗಳನ್ನು ಆರಿಸಿಕೊಂಡು ಬಂದ. ಮೀನಿನ ಬಾಲ, ಮೀನಿನ ಕಣ್ಣು. ನನ್ನ ಮಡಿಲಿಗೆ ಹಾಕಿದ. ಬೈಯಲಿಲ್ಲ, ಹೊಡೆಯಲಿಲ್ಲ.

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?” ಅಂದೆ. ನಾಚಿಕೆಗೆಟ್ಟವಳು ನಾನು, ಕೇಳಿಯೇಬಿಟ್ಟೆ.

“ಕೈಗೆ ಹಗ್ಗ ಕಟ್ಟಿದ ಮೇಲೆ ಆ ಪಾರುಪತ್ಯಗಾರ ಬಿಡ್ತಿದ್ನಾ? ಅವಳೂ ಹೋಗಿ, ಸುಳ್ಳು ಹೇಳಿದ್ದಕ್ಕೆ ನೀನೂ ಹೋಗಿದ್ರೆ ಇನ್ಮೇಲೆ ಬಟ್ಟಲಿಗೆ ಬಣ್ಣ ಹಚ್ಚೋರು ಯಾರು? ಒಡೆಯರು ಆವಿಗೆ ಕಿತ್ಕೋತಿದ್ರು.” ಇಷ್ಟು ಹೇಳಿ ಅವನು ಮುಖ ಮುಚ್ಚಿಕೊಂಡು ಅತ್ತ. ನನ್ನ ಗಂಡ ಆಗ ಮಣ್ಣು ತರಲು ಹೋಗಿದ್ದ, ಇದೊಂದೂ ಅವನ ಕಿವಿಗೆ ಬೀಳಲಿಲ್ಲ. ಅಂಗಳದಲ್ಲಿ ಅವನು ಶಮ್ಸಿಯ ಮಾತಿಗಿಂತ ನನ್ನ ಮಾತನ್ನೇ ನಂಬಿದ್ದ.

ಮುಂದಿನ ಆವಿಗೆ ತೆರೆದ ದಿನ ಊಟಕ್ಕೆ ಕೂತೆವು. ನನಗೆ ಬಂದ ಬಟ್ಟಲಲ್ಲಿ ಸಾರು ಇಳಿದಾಗ ಈ ಹೆಂಗಸು ಕಂಡಳು. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ಸುತ್ತಿಗೆ, ಬದನೆಕಾಯಿ ಮೂಗು. ಬರೆದವನು ಮಾವ, ಹುಟ್ಟಿದಾರಭ್ಯ ಕುಂಚ ಹಿಡಿದವನಲ್ಲ. ಆಳುಗಳಿಗೆ ಅರ್ಥವಾಗಲಿಲ್ಲ, ಆದರೂ ಪದ್ಧತಿ ಅಂತ ನಕ್ಕರು. ನಾನು ಒಡೆಯಲು ಎದ್ದೆ.

“ಕೂತ್ಕೋ. ಇದನ್ನ ಒಡೆಯೋ ಹಾಗಿಲ್ಲ,” ಅಂದ ಮಾವ. “ಬದುಕಿರೋವರೆಗೂ ಇದರಲ್ಲೇ ಉಣ್ಣು.”

ಹನ್ನೊಂದು ವರ್ಷ ಉಂಡೆ. ಆ ಹನ್ನೊಂದು ವರ್ಷವೂ ಗೆರೆ ಎಳೆದವಳು ನಾನೇ, ಗಿರಾಕಿಗಳು ಕೇಳಿದರೆಂದು ಮೊಲ ಬರೆದವಳೂ ನಾನೇ. ನನ್ನ ಮೊಲಗಳು ಬೆಕ್ಕಿನ ಹಾಗೆ ಕಾಣುತ್ತವೆ ಅಂತ ಪಟ್ಟಣದವರು ಮೂಗು ಮುರಿದರು. ಮಾವ ಸತ್ತ ವಾರಕ್ಕೇ ಆ ಬಟ್ಟಲನ್ನು ಕಲ್ಲಿಗೆ ಅಪ್ಪಳಿಸಿ ಪುಡಿಪುಡಿ ಮಾಡಿದೆ. ಹಾಯಾಗಿ ಉಸಿರುಬಿಟ್ಟೆ. ಮುಂದಿನ ಆವಿಗೆ ತೆರೆದಾಗ ನನ್ನ ಗಂಡ ನನ್ನ ಮುಂದೆ ಒಂದು ಬಟ್ಟಲಿಟ್ಟ. ಅದೇ ಮೂಗು, ಅದೇ ಸುತ್ತಿಗೆ.

“ಅಪ್ಪ ಸಾಯೋವಾಗ ಎಲ್ಲಾ ಹೇಳ್ದ,” ಅಂದ ಫರಾಜ್. “ಬರೆಯೋದನ್ನೂ ಕಲಿಸಿಕೊಟ್ಟ.” ಆಮೇಲೆ ಮೆಲ್ಲಗೆ, “ನಾನು ಅಜ್ಮತನಿಗೆ ಮಾತು ಕೊಟ್ಟಿದ್ದೆ ಕಣೇ” ಅಂದ. ಅವತ್ತಿನಿಂದ ಅವನು ನನ್ನ ಜೊತೆ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿಲ್ಲ. ಕುಂಬಾರರ ಮನೆಯಲ್ಲಿ ಬಟ್ಟಲಿಗೇನು ಬರ? ನಾನು ಒಡೆದಂತೆಲ್ಲ ಅವನು ಮತ್ತೊಂದು ಬರೆದ. ಈಗಿನದು ಐದನೆಯದು.

ಮೊನ್ನೆ ಚಳಿಗಾಲದಲ್ಲಿ ಎದೆನೋವು ಬಂದು ಹಾಸಿಗೆ ಹಿಡಿದೆ. ಇನ್ನೇನು ಹೊರಟೆ ಅನ್ನಿಸಿತು. ಎದ್ದ ಮೇಲೆ ಒಂದು ಹಸಿಬಟ್ಟಲು ತೆಗೆದುಕೊಂಡು ಕೂತೆ. ಇಪ್ಪತ್ತೆಂಟು ವರ್ಷದಿಂದ ಬಾಯಲ್ಲಿ ಬರದದ್ದನ್ನು ಕುಂಚದಲ್ಲಿ ಬರೆದೆ. ಗೋಡೆಯ ಹಿಂದೆ ನಿಂತ ನಾನು. ಕಾಲಬುಡದಲ್ಲಿ ಮೀನಿನ ಬಟ್ಟಲ ಚೂರು. ಎದೆಗವಚಿಕೊಂಡ ಇನ್ನೊಂದು ಬಟ್ಟಲು, ಅದರೊಳಗೆ ಸಾಸಿವೆಯಷ್ಟು ಚಿಕ್ಕದಾಗಿ ಎರಡು ತಲೆ, ಒಂದು ದಾಳಿಂಬೆ. ಕೈ ಅವತ್ತಿನ ಹಾಗೇ ಓಡಿತು. ಇದನ್ನು ಖಾಜಿಯ ಮನೆಗೆ ಕಳಿಸುತ್ತೇನೆ, ಹಡಗಿನವರ ಕೈಲಿ ಮಯೋರ್ಕಾಕ್ಕೂ ಒಂದು ಮಾತು ಕಳಿಸುತ್ತೇನೆ, ಅವಳು ಬದುಕಿದ್ದರೆ ಯಾರಾದರೂ ಬಿಡಿಸಿ ತಂದಾರು ಅಂತೆಲ್ಲ ಮನಸ್ಸಿನಲ್ಲಿ ಹೆಣೆದುಕೊಂಡೆ. ಅದನ್ನು ಬೇರೆ ಬಟ್ಟಲುಗಳ ನಡುವೆ ಆವಿಗೆಗೆ ಸೇರಿಸಿದೆ.

ತೆರೆದ ದಿನ ಫರಾಜನೇ ಅದನ್ನು ಹೊರತೆಗೆದ. ಒರೆಸಿದ, ಬೆಳಕಿಗೆ ಹಿಡಿದ, ಬಹಳ ಹೊತ್ತು ನೋಡಿದ. ಗಾಯಗಳು ಮೂರೂ ಅಂಚಿಗೆ ಬಿದ್ದಿದ್ದವು, ಚಿತ್ರಕ್ಕೆ ಒಂದು ಚುಕ್ಕೆಯೂ ತಾಗಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ಕ್ಷಮಿಸಿದ ಅಂದುಕೊಂಡೆ.

“ಖಾಜಿ ಮನೆಗೆ ಕೊಟ್ಟು ಬರ್ತೀಯಾ?” ಅಂದೆ.

“ಅವಳು ಸತ್ತು ಹತ್ತು ವರ್ಷ ಆಯ್ತು. ಹಡಗಿನವನೊಬ್ಬ ಹೇಳಿದ್ದ,” ಅಂದ. “ನಿನಗೆ ಹೇಳೋದು ಬೇಡ ಅಂತ ಸುಮ್ಮನಿದ್ದೆ.”

ಹಾಗಂದು ಬಟ್ಟಲನ್ನು ಕಲ್ಲಿಗೆ ಒಗೆದ.

“ನಗೆಬಟ್ಟಲನ್ನ ಅವತ್ತೇ ಒಡೆದ್ಬಿಡಬೇಕು ಕಣೇ,” ಅಂದ. “ಗುಡ್ಡದ ಮಾತು ಗುಡ್ಡದಲ್ಲೇ ಇರಲಿ.”

ಆಮೇಲೆ ಒಳಗೆ ಹೋಗಿ ಬದನೆಕಾಯಿ ಮೂಗಿನದನ್ನು ತಂದು ಸಾರು ಹಾಕಿ ನನ್ನ ಮುಂದಿಟ್ಟ. ಬಿಸಿಯಾಗಿತ್ತು, ಕುಡಿದೆ.